ರೂಟರ್‌ನ ಪಾಸ್‌ವರ್ಡ್ ಮನೆಯವರಿಗೂ ಕೊಡಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಒಳಹಳ್ಳಿಗಳಿಗೂ ಈಗ ಫೈಬರ್ ಇಂಟರ್ನೆಟ್ ತಲುಪಿದೆ. ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದ ತಂದೆ-ತಾಯಿ ತೋಟದ ಮನೆಯಲ್ಲಿ ಎಂಬಂಥ ಸಂಸಾರಗಳು ಬಹಳಷ್ಟಿರುವ ತೀರ್ಥಹಳ್ಳಿ, ಹೊಸನಗರದ ಕಡೆ ಅಲೆಕ್ಸಾದಂಥ ಸ್ಪೀಕರ್ ಬರೀ ಹಾಡು ಕೇಳುವ ಮೋಜಿನ ವಸ್ತುವಾಗಿ ಉಳಿದಿಲ್ಲ. ಕಣ್ಣು ಮಂಜಾದವರು ಮೊಬೈಲ್‌ಗಾಗಿ ತಡಕಾಡದೆ ಮಗಳಿಗೆ ಕರೆ ಮಾಡುವುದು, ರಾತ್ರಿ ಎದ್ದಾಗ ಬಾಯಿಮಾತಿನಲ್ಲೇ ದೀಪ ಹಾಕಿಸಿಕೊಳ್ಳುವುದು ಅದರಿಂದಲೇ. ಆದರೆ ಮನೆಗೆ ವೈಫೈ ಹಂಚುವ ರೂಟರ್ ಬದಲಾಯಿತೆಂದರೆ ಈ ಸ್ಪೀಕರ್ ಬಾಯಿ ಮುಚ್ಚಿಕೊಳ್ಳುತ್ತದೆ. ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳೋಣವೆಂದರೆ ರೂಟರ್‌ನ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡನ್ನು ಸಂಪರ್ಕ ಕೊಟ್ಟವರು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ನನ್ನ ತಕರಾರು ಇದರ ಬಗ್ಗೆ.

ಕಳೆದ ಬೇಸಿಗೆಯ ಕೊನೆಯ ಗುಡುಗು ಮಳೆಯಲ್ಲಿ ನಮ್ಮ ರೂಟರ್ ಸುಟ್ಟುಹೋಯಿತು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ; ಆದರೆ ಕರೆಂಟಿನ ಅಡಾಪ್ಟರ್ ಮೂಲಕ ಸಿಡಿಲಿನ ಹೊಡೆತ ಒಳಬರುತ್ತದೆ. ಹೊಸ ರೂಟರ್ ಹಾಕಲು ಬಂದ ಹುಡುಗ ಮೊಬೈಲ್‌ನಲ್ಲಿ ವಿಡಿಯೊ ಓಡಿಸಿ ತೋರಿಸಿ, ಸ್ಪೀಕರ್ ಮಾತ್ರ ಸೇರದಿದ್ದಾಗ "ಇದು ಹೋಗಿದೆ, ಬೇರೆ ತಗೊಳ್ಳಿ" ಎಂದು ಹೊರಟ. ಆದರೆ ಸ್ಪೀಕರ್‌ನ ಅಂಚಿನಲ್ಲಿ ಕಿತ್ತಳೆ ಬಣ್ಣದ ಬೆಳಕು ಸುತ್ತುತ್ತಲೇ ಇತ್ತು. ಅದು ಕೆಟ್ಟಿರುವುದರ ಗುರುತಲ್ಲ, ವೈಫೈಗೆ ಸೇರಿಸಿ ಎಂದು ಕಾಯುತ್ತಿರುವುದರ ಗುರುತು. ಸಂಸ್ಥೆಯವರನ್ನು ಕಾಡಿ ಬೇಡಿ ಪಾಸ್‌ವರ್ಡ್ ಪಡೆದು ನೋಡಿದರೆ, ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 ಒಂದನ್ನೇ ಆರಿಸಿಟ್ಟಿದ್ದರು. ವೈಫೈಗೆ ಬೇರೆಯವರು ನುಸುಳದಂತೆ ಕಾಯುವ, 2018ರಲ್ಲಿ ಬಂದ ಪದ್ಧತಿ ಅದು. ಹಳೆಯ ಸ್ಪೀಕರ್‌ಗಳಿಗೆ ಅರ್ಥವಾಗುವುದು ಅದಕ್ಕೂ ಹಿಂದಿನ ಡಬ್ಲ್ಯುಪಿಎ2 ಮಾತ್ರ. ಎರಡಕ್ಕೂ ಅವಕಾಶವಿರುವ ಆಯ್ಕೆಗೆ ಬದಲಿಸಿದ ಮೇಲೆ "ಹೋಗಿದ್ದ" ಸ್ಪೀಕರ್ ಮಾತಾಡಿತು.

ಇಂದಿನ ಬಹುಪಾಲು ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಸಂಕೇತ ಕಳಿಸುತ್ತವೆ. ಐದರದ್ದು ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಜಂಬಿಟ್ಟಿಗೆಯ ದಪ್ಪ ಗೋಡೆಗಳ ನಮ್ಮ ಹಳೆಯ ಮನೆಗಳಲ್ಲಿ ಜಗಲಿಯ ರೂಟರ್‌ನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಇನ್ನು ದೀಪ, ಫ್ಯಾನ್‌ಗೆ ಹಾಕುವ ಸ್ಮಾರ್ಟ್ ಪ್ಲಗ್‌ಗಳಲ್ಲಿ ಹೆಚ್ಚಿನವು 2.4ಕ್ಕೆ ಮಾತ್ರ ಸೇರುತ್ತವೆ. ಕಂಪನಿಯವರು ಎರಡಕ್ಕೂ ಒಂದೇ ಹೆಸರಿಟ್ಟು ಹೋಗುವುದರಿಂದ, ಜೋಡಿಸುವಾಗ ಮೊಬೈಲ್ ಐದರಲ್ಲಿ ಕುಳಿತಿದ್ದರೆ ಎಷ್ಟೋ ಪ್ಲಗ್‌ಗಳು ಅದರ ಕೈಗೆ ಸಿಗುವುದೇ ಇಲ್ಲ. ಸ್ಪೀಕರ್ ಸಮಯ ಹೇಳುತ್ತದೆ, ಹವಾಮಾನ ಹೇಳುತ್ತದೆ, ದೀಪ ಮಾತ್ರ ಹಾಕುವುದಿಲ್ಲ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. 2.4ಕ್ಕೆ ಬೇರೆ ಹೆಸರು ಕೊಟ್ಟರೆ ಈ ಗೊಂದಲ ಮುಗಿಯುತ್ತದೆ. ಆ ಹೆಸರು ಕೊಡುವುದಕ್ಕೂ ಬೇಕಾದದ್ದು ಸೆಟ್ಟಿಂಗ್ಸ್ ತೆರೆಯುವ ಅದೇ ಪಾಸ್‌ವರ್ಡ್. ಹಾಗೆಯೇ, ಹೊಸ ರೂಟರ್‌ಗೆ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಕೂಡ ತಪ್ಪದಂತೆ ಹಾಕಿಕೊಟ್ಟರೆ, ಭದ್ರತೆಯ ಬಗೆಯೂ ಹೊಂದುವಂತಿದ್ದಲ್ಲಿ, ಮನೆಯ ಹೆಚ್ಚಿನ ಸಾಧನಗಳು ಯಾರೂ ಮುಟ್ಟದೆ ತಾವಾಗಿಯೇ ಸೇರಿಕೊಳ್ಳುತ್ತವೆ. ಇಷ್ಟು ಸುಲಭದ ಕೆಲಸವನ್ನೂ ಮಾಡದೆ ಹೋಗುವವರ ಮೇಲೆ ನನಗೆ ಸಿಟ್ಟು ಬರುವುದುಂಟು.

ಎಲ್ಲ ತೊಂದರೆಗೂ ಸೆಟ್ಟಿಂಗ್ಸ್ ಕಾರಣವಲ್ಲ ಎಂಬುದನ್ನೂ ಹೇಳಬೇಕು. ನಾವು ಹೇಳಿದ್ದನ್ನು ಅರ್ಥಮಾಡಿಕೊಳ್ಳುವ ಕೆಲಸ ಬಹುಮಟ್ಟಿಗೆ ನಡೆಯುವುದು ಆ ಸ್ಪೀಕರ್‌ನೊಳಗಲ್ಲ, ಕಂಪನಿಯ ದೂರದ ಸರ್ವರ್‌ಗಳಲ್ಲಿ. ಹಾಗಾಗಿ ವೈಫೈ ಇದ್ದೂ ಇಂಟರ್ನೆಟ್ ಇಲ್ಲದಿದ್ದರೆ ಅದಕ್ಕೆ ಉತ್ತರ ಹೊಳೆಯದು. ಮೊದಲು ಮೊಬೈಲ್‌ನ ಡೇಟಾ ಆಫ್ ಮಾಡಿ, ಅದೇ ವೈಫೈನಲ್ಲಿ ಏನಾದರೂ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆಯದೆ, ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದಿರುವ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಮನೆಗೆ ಬರುತ್ತಿಲ್ಲ ಎಂದರ್ಥ. ಮಳೆಗಾಲದಲ್ಲಿ ಮರ ಬಿದ್ದು ಕಂಬದ ಮೇಲಿನ ಕೇಬಲ್ ತುಂಡಾಗುವುದು, ರಸ್ತೆ ಕೆಲಸದ ಜೆಸಿಬಿ ಕಿತ್ತುಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಆಗ ಸ್ಪೀಕರ್ ರಿಸೆಟ್ ಮಾಡುತ್ತಾ ಕೂರುವುದು ವ್ಯರ್ಥ. ದೂರು ಕೊಡುವುದೊಂದೇ ದಾರಿ. ಕರೆಂಟ್ ಹೋಗಿ ಬಂದಾಗಲಾದರೆ ರೂಟರ್ ಪೂರ್ತಿ ಎದ್ದೇಳಲು ಕೆಲವು ನಿಮಿಷ ಬಿಟ್ಟು, ನಂತರ ಸ್ಪೀಕರ್‌ನ ಪ್ಲಗ್ ತೆಗೆದು ಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಪಾಸ್‌ವರ್ಡ್ ಕೊಟ್ಟರೆ ಜನ ಏನನ್ನೋ ಒತ್ತಿ ಸಂಪರ್ಕವನ್ನೇ ಕೆಡಿಸಿಕೊಳ್ಳುತ್ತಾರೆ ಎಂಬುದು ಸಂಸ್ಥೆಗಳ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಫೈಬರ್ ಸಂಪರ್ಕದ ಭಾಗಕ್ಕೆ ಬೀಗ ಹಾಕಿಕೊಳ್ಳಲಿ, ವೈಫೈ ಭಾಗವನ್ನಾದರೂ ಗ್ರಾಹಕರಿಗೆ ತೆರೆದಿಡಲಿ. ಹೀಗೆ ಎರಡು ಬಗೆಯ ಲಾಗಿನ್‌ಗೆ ಅನೇಕ ರೂಟರ್‌ಗಳಲ್ಲಿ ಅವಕಾಶವಿದೆ. ಜೊತೆಗೆ ವೈಫೈ ಹೆಸರು, ಪಾಸ್‌ವರ್ಡ್, ಯಾವ ದೀಪಕ್ಕೆ ಏನರ್ಥ ಎಂಬಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿ ಹೋಗಲಿ. ತಿಂಗಳು ತಿಂಗಳು ಬಿಲ್ ಕಟ್ಟುವವರು ಇಷ್ಟನ್ನು ಕೇಳುವುದು ಹೆಚ್ಚಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಜಿಲ್ಲೆಯ ಇಂಟರ್ನೆಟ್ ಸಂಸ್ಥೆಗಳು ಇದನ್ನು ಜಾರಿಗೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

— ಒಬ್ಬ ಗ್ರಾಹಕ, ತೀರ್ಥಹಳ್ಳಿ ತಾಲ್ಲೂಕು