ಪಾಲಿಶ್ ಮೆಷಿನ್ ಕೊಳ್ಳುವ ಮೊದಲು

ಗೆಳೆಯರೇ, ಕಾರಿಗೆ ಪಾಲಿಶ್ ಮಾಡಲು ಯಾವ ಮೆಷಿನ್ ತಗೊಳ್ಳಬೇಕು ಅಂತ ಈ ವಾರ ಮೂರು ಜನ ಕೇಳಿದ್ದೀರಿ. ಅದಕ್ಕೇ ಇಲ್ಲಿ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಮೆಷಿನ್ ಆದರೆ ಡ್ಯುಯಲ್ ಆ್ಯಕ್ಷನ್ (ಸ್ಪಂಜಿನ ಪ್ಯಾಡ್ ಸುತ್ತುತ್ತಲೇ ಅತ್ತಿತ್ತ ಓಲಾಡುವ ಮೆಷಿನ್) ತಗೊಳ್ಳಿ, ರೋಟರಿ ಬೇಡ. ರೋಟರಿ ಒಂದೇ ಜಾಗದಲ್ಲಿ ಸುತ್ತಿ ಬಿಸಿ ಹುಟ್ಟಿಸುತ್ತದೆ. ಅಂಚುಗಳಲ್ಲಿ ಬಣ್ಣದ ಪದರ ತೆಳು, ಅಲ್ಲೇ ಮೊದಲು ಕಿತ್ತು ಬರುವುದು. ನನ್ನ ಹಳೇ ಕಾರಿನ ಬಾಗಿಲಂಚಿನಲ್ಲಿ ಕಾಸಗಲ ಪ್ರೈಮರ್ (ಬಣ್ಣದ ಕೆಳಗಿನ ಪದರ) ಕಂಡಿದ್ದು ಹೀಗೇ. ಮನೆಯಲ್ಲಿರುವ, ಕಬ್ಬಿಣ ಕತ್ತರಿಸುವ ಆ್ಯಂಗಲ್ ಗ್ರೈಂಡರ್‌ಗೆ ಪ್ಯಾಡ್ ಸಿಕ್ಕಿಸುವ ಯೋಚನೆಯಂತೂ ಬಿಟ್ಟುಬಿಡಿ. ಅದು ನಿಮಿಷಕ್ಕೆ 10,000 ಸುತ್ತಿನ ಆಸುಪಾಸು ಓಡುತ್ತದೆ!

15 ಮಿ.ಮೀ. ಥ್ರೋ (ಪ್ಯಾಡ್ ಓಲಾಡುವ ವೃತ್ತದ ಅಗಲ), 5 ಇಂಚಿನ ಪ್ಯಾಡ್ ಸಾಕು. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ. ಕೆಲಸ ಮಾಡುವಾಗ ಗೆರೆ ಸುತ್ತದೆ, ಸುಮ್ನೆ ಅದುರುತ್ತಿದ್ದರೆ ಜಾಸ್ತಿ ಒತ್ತುತ್ತಿದ್ದೀರಿ, ಇಲ್ಲವೇ ಪ್ಯಾಡ್ ಓರೆಯಾಗಿದೆ.

ಕಾರು ಚೆನ್ನಾಗಿ ತೊಳೆದು, ನೆರಳಲ್ಲಿ ನಿಲ್ಲಿಸಿ. ಬಟಾಣಿ ಗಾತ್ರದ ಮೂರು ನಾಲ್ಕು ಚುಕ್ಕೆ ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್) ಸಾಕು. ಮೊದಲು ಮೆತ್ತನೆ ಪ್ಯಾಡಲ್ಲಿ ಒಂದೂವರೆ ಅಡಿ ಚೌಕ ಮಾಡಿ ನೋಡಿ, ಗೀರು ಉಳಿದರೆ ಮಾತ್ರ ಗಟ್ಟಿ ಪ್ಯಾಡ್. ಉಗುರಿಗೆ ತಡೆಯುವಷ್ಟು ಆಳದ ಗೀರು ಪಾಲಿಶಿಗೆ ಹೋಗಲ್ಲ, ಹಟ ಬೇಡ.

ಅನುಮಾನ ಇದ್ದವರು ಟಾರ್ಚ್ ಬೆಳಕಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ.