ಎರಡು ಭೇಟಿಗಳ ನಡುವೆ ಕರೆಗೆ ಓಗೊಡುವವರು ಬೇಕು

ಮಾನ್ಯರೇ,

ನನ್ನ ಪತಿಗೆ ಸಿರೋಸಿಸ್, ಅಂದರೆ ಯಕೃತ್ತು ಹಾಳಾಗಿ ಗಟ್ಟಿಯಾಗುವ ಕಾಯಿಲೆ, ಇದೆಯೆಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಕಾರಣ ಹೆಪಟೈಟಿಸ್ ಬಿ ಎಂಬ ವೈರಾಣು ಸೋಂಕು. ‘ಎಷ್ಟು ವರ್ಷದಿಂದ ಕುಡಿಯುತ್ತಿದ್ದರು?’ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ದಣಿದಿದ್ದೇನೆ. ಕುಡಿತದಿಂದಲೇ ಬಂದಿದ್ದರೂ ಆರೈಕೆ ಬೇಡವೇ?

ಈ ಕಾಯಿಲೆಯನ್ನು ಬಹುಮಟ್ಟಿಗೆ ಹೊರರೋಗಿಯಾಗಿ, ವರ್ಷಗಟ್ಟಲೆ ನಿಭಾಯಿಸಬೇಕು. ವೈರಾಣು ತಲೆಯೆತ್ತದಂತೆ ಟೆನೊಫೊವಿರ್ ಗುಳಿಗೆಯನ್ನು ದಿನವೂ ತಪ್ಪದೆ ನುಂಗಬೇಕು. ಯಕೃತ್ತಿನಲ್ಲಿ ಗಡ್ಡೆ ಬೆಳೆದಿದೆಯೇ ಎಂದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ಆಗಾಗ ಎಂಡೋಸ್ಕೋಪಿ. ನಮ್ಮ ತಜ್ಞ ವೈದ್ಯರು ಇದೆಲ್ಲವನ್ನೂ ಮುತುವರ್ಜಿಯಿಂದ ಮಾಡಿಸುತ್ತಾರೆ. ನನ್ನ ಅಳಲು ಒಂದು ಭೇಟಿಗೂ ಇನ್ನೊಂದಕ್ಕೂ ನಡುವಿನ ಮೂರು ತಿಂಗಳ ಕುರಿತದ್ದು.

ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದರೆ ತೂಕ ಏರುತ್ತದೆ. ಹಾಗಾಗಿ ನನ್ನ ಪತಿ ಪ್ರತಿದಿನ ಬೆಳಿಗ್ಗೆ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಕಳೆದ ವರ್ಷ ಒಂದು ವಾರ ಆ ಅಂಕಿಗಳು ವಾಲತೊಡಗಿದವು, ಗೆರೆ ಬಿಟ್ಟು ಕೆಳಗಿಳಿದವು. ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದವಳು ನಾನು. ಕೈಬರಹ ಕೆಟ್ಟದ್ದು ಕೂಡಲೇ ಕಣ್ಣಿಗೆ ಬಿತ್ತು. ಹಗಲೆಲ್ಲ ತೂಕಡಿಸುತ್ತಿದ್ದರು, ರಾತ್ರಿ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು. ಚೀಟಿಯಲ್ಲಿದ್ದ ಆಸ್ಪತ್ರೆಯ ಸಂಖ್ಯೆಗೆ ಕರೆ ಮಾಡಿದೆ. ‘ನಿಮ್ಮ ಸರದಿಗೆ ಇನ್ನೂ ಹನ್ನೊಂದು ದಿನ ಇದೆಯಲ್ಲ, ಅಂದೇ ಬನ್ನಿ’ ಎಂದರು. ಮರುದಿನ ರಾತ್ರಿ ನನ್ನ ಪತಿ ನನ್ನ ಮುಖವನ್ನೇ ನೋಡುತ್ತ, ‘ನೀವು ಯಾರು?’ ಎಂದು ಕೇಳಿದರು.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಯುವ ವೈದ್ಯೆಯೊಬ್ಬರು ಬಿಡಿಸಿ ಹೇಳಿದರು. ಯಕೃತ್ತು ತೆಗೆದುಹಾಕಲಾಗದ ಅಮೋನಿಯಾದಂತಹ ವಸ್ತುಗಳು ರಕ್ತದ ಮೂಲಕ ಮಿದುಳಿಗೆ ಸೇರಿದ್ದವು. ಮಲಬದ್ಧತೆ ಅದನ್ನು ಹೆಚ್ಚಿಸಿತ್ತು. ಅದಕ್ಕೆ ಬೇಕಾದ, ಮಲ ಸಡಿಲಿಸುವ ಔಷಧ ಲ್ಯಾಕ್ಟುಲೋಸ್ ನಮ್ಮ ಮನೆಯ ಕಪಾಟಿನಲ್ಲೇ ಇತ್ತು! ಪದೇ ಪದೇ ಶೌಚಕ್ಕೆ ಏಳಬೇಕಾಗುತ್ತದೆಂದು ನನ್ನ ಪತಿಯೇ ಪ್ರಮಾಣ ತಗ್ಗಿಸಿಕೊಂಡಿದ್ದರು. ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಾಗುವಷ್ಟು ಕುಡಿಯಲೇಬೇಕು, ಅದು ಅವರ ಮಿದುಳನ್ನು ಕಾಯುವ ಔಷಧ ಎಂದು ಅಲ್ಲಿಯವರೆಗೆ ನಮಗೆ ಯಾರೂ ತಿಳಿಸಿರಲಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು.

ಸೋಂಕು ಅಥವಾ ಒಳಗಿನ ರಕ್ತಸ್ರಾವದಿಂದಲೂ ಇಂಥ ಗೊಂದಲ ಉಂಟಾಗಬಹುದಂತೆ. ಆದ್ದರಿಂದ ಮನೆಯವರೇ ಊಹಿಸಿ ಔಷಧ ಏರಿಸಿ ಸುಮ್ಮನಿರುವಂತಿಲ್ಲ. ಕೇಳಿಸಿಕೊಂಡು, ‘ಈಗಲೇ ಕರೆತನ್ನಿ’ ಎಂದು ಹೇಳಬಲ್ಲ ಒಬ್ಬರು ಬೇಕು. ಯಕೃತ್ ಚಿಕಿತ್ಸೆಯ ಹೊರರೋಗಿ ವಿಭಾಗ ನಡೆಸುವ ಪ್ರತಿ ಆಸ್ಪತ್ರೆಯೂ ಈ ಕಾಯಿಲೆಯ ಬಗ್ಗೆ ತರಬೇತಿ ಪಡೆದ ಒಬ್ಬ ನರ್ಸನ್ನು ಇಂಥ ಕರೆಗಳಿಗಾಗಿಯೇ ನೇಮಿಸಲಿ ಎಂಬುದು ನನ್ನ ಬೇಡಿಕೆ. ಭೇಟಿಯ ದಿನ ರೋಗಿಯ ಜೊತೆ ಬಂದವರನ್ನೂ ಒಂದು ಮಾತು ಕೇಳಲಿ: ನಿದ್ದೆ ಹೇಗಿದೆ, ಮಾತು ತಡವರಿಸುತ್ತದೆಯೇ, ಬರಹ ಬದಲಾಗಿದೆಯೇ ಎಂದು. ‘ಚೆನ್ನಾಗಿದ್ದೇನೆ’ ಎಂದೇ ನನ್ನ ಪತಿ ಪ್ರತಿ ಸಲವೂ ವೈದ್ಯರಿಗೆ ಹೇಳುತ್ತಿದ್ದರು, ಪಾಪ.

ಈಗ ತೂಕದ ಕೆಳಗೆ ಅವರು ದಿನವೂ ತಮ್ಮ ಪೂರ್ತಿ ಹೆಸರು ಬರೆಯುತ್ತಾರೆ. ನರ್ಸ್‌ಗಳ ತರಬೇತಿಗೆ ಉಪಯೋಗವಾಗುವುದಾದರೆ ಆ ಕೆಟ್ಟ ವಾರದ ಪುಟಗಳನ್ನು ಕೊಡಲು ನಾವಿಬ್ಬರೂ ಒಪ್ಪಿದ್ದೇವೆ.

– ಒಬ್ಬ ನಿವೃತ್ತ ಶಿಕ್ಷಕಿ