ಒಡೆಯುವ ಮೊದಲು ನಿಮಗೊಂದು ಮಾತು ತಿಳಿಯಲಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ.

ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆ ಇವತ್ತು ಮ್ಯೂಸಿಯಂ. ಮಹಡಿಯ ಮೇಲೆ ಸಾಲು ಕಿಟಕಿಗಳ ಕೋಣೆ ಇದೆ. ಹೋದವರು ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತೇ ಬರುತ್ತಾರೆ. 2011ರಲ್ಲಿ ಇದೇ ಮನೆಯನ್ನು ಒಡೆಯಲು ಶುರು ಮಾಡಿದ್ದರು. ಪತ್ರಿಕೆಯಲ್ಲಿ ಬಂತು, ಜನ ಗಲಾಟೆ ಮಾಡಿದರು, ಕೆಲಸ ನಿಂತಿತು. ಆಮೇಲೆ ಪಾಲಿಕೆಯೇ ಕೊಂಡು ದುರಸ್ತಿ ಮಾಡಿಸಿತು. 2016ರಲ್ಲಿ ಬಾಗಿಲು ತೆರೆಯಿತು. ಸಂತೋಷ. ಆದರೆ ಸುದ್ದಿ ಒಂದು ವಾರ ತಡವಾಗಿದ್ದರೆ?

ನನ್ನ ತಕರಾರು ಮನೆ ಮಾರುವವರ ಮೇಲಲ್ಲ. ಅಪ್ಪ ಕವಿಯಾಗಿದ್ದರು ಅಂತ ಮಕ್ಕಳು ಸೋರುವ ಹೆಂಚು ಬದಲಾಯಿಸುತ್ತ, ಕಂದಾಯ ಕಟ್ಟುತ್ತ ಕೂರಬೇಕೆ? ಪಾಲಾಗಬೇಕು, ಸೈಟಿನ ಬೆಲೆ ಕಣ್ಣೆದುರೇ ಇರುತ್ತದೆ. ಕಾನೂನೂ ಜಾಸ್ತಿ ನೆರವಿಗೆ ಬರುವುದಿಲ್ಲ. ಕೇಂದ್ರದ 1958ರ ಸ್ಮಾರಕಗಳ ಕಾಯ್ದೆ ಕೇಳುವುದು ಕನಿಷ್ಠ 100 ವರ್ಷ. ಕಳೆದ ಶತಮಾನದ ನಡುವೆ ನಮ್ಮ ಲೇಖಕರು ಕಟ್ಟಿಸಿದ ಮನೆಗಳಿಗೆ ಅಷ್ಟು ವಯಸ್ಸೇ ಆಗಿಲ್ಲ. ನೂರು ತುಂಬುವಷ್ಟರಲ್ಲಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತದೆ, ಅಲ್ವಾ?

ಅದಕ್ಕೆ ಕೇಳುವುದು ಇಷ್ಟೇ. ಲೇಖಕರ ಮನೆಗಳ ಪಟ್ಟಿ ಮಾಡಿಸಿ, ಆಯಾ ಪಾಲಿಕೆ, ಪುರಸಭೆ, ಪಂಚಾಯಿತಿಗೆ ಕಳಿಸಿ. ಪಟ್ಟಿಯಲ್ಲಿರುವ ಮನೆ ಒಡೆಯಲು ಅರ್ಜಿ ಬಂದರೆ, ಒಪ್ಪಿಗೆ ಕೊಡುವ ಮೊದಲು ಅವರು ನಿಮ್ಮ ಇಲಾಖೆಗೆ ತಿಳಿಸಲಿ. ಮೂರು ತಿಂಗಳು ಕೈಯಲ್ಲಿರಲಿ. ಮನೆಯವರ ಜೊತೆ ಕೂತು ಮಾತಾಡಿ, ನ್ಯಾಯವಾದ ಬೆಲೆ ಹೇಳಿ. ಹೊಂದಲಿಲ್ಲ ಎಂದರೆ ಅವರ ಮನೆ, ಅವರಿಷ್ಟ. ಆದರೆ ಅಷ್ಟರೊಳಗೆ ಪ್ರತಿ ಕೋಣೆಯ ಅಳತೆ, ಫೋಟೊ ಆಗಿರಲಿ. ಹಸ್ತಪ್ರತಿ, ಕಾಗದಗಳನ್ನು ಕೇಳಿ ಪಡೆಯಿರಿ. ಮನೆ ಖಾಲಿ ಮಾಡುವಾಗ ಎಲ್ಲಕ್ಕಿಂತ ಮೊದಲು ಗುಜರಿಗೆ ಹೋಗುವುದು ಅವೇ.

ಉಳಿಸಿದ ಮೇಲೆ ಕಾಯುವುದೂ ಇದೆ. ಕುಪ್ಪಳಿಯ ಕವಿಮನೆಯಂಥ ಹೆಸರಾದ ಜಾಗದಲ್ಲೇ 2015ರಲ್ಲಿ ಕುವೆಂಪು ಅವರ ಪದ್ಮ ಪದಕಗಳು ಕಳುವಾದವು. ಟೇಪು ಕತ್ತರಿಸುವ ದಿನದ ಶಾಮಿಯಾನಕ್ಕೆ ದುಡ್ಡು ಹೇಗೋ ಹೊಂದುತ್ತದೆ. ಕಾವಲುಗಾರನ ಸಂಬಳಕ್ಕೂ ಪ್ರತಿವರ್ಷ ಹೊಂದಿಸಿ.

ಪಟ್ಟಿ ಮಾಡಲು ದೊಡ್ಡ ಸಮಿತಿ ಬೇಡ ಸಾರ್. ಊರಿನ ಲೈಬ್ರರಿಯವರನ್ನು ಕೇಳಿ, ನಿವೃತ್ತರಾದ ಪೋಸ್ಟ್‌ಮ್ಯಾನ್‌ಗಳನ್ನು ಕೇಳಿ. ಯಾವ ಲೇಖಕರು ಯಾವ ಓಣಿಯಲ್ಲಿದ್ದರು ಅಂತ ಅವರು ಬೆರಳು ತೋರಿಸಿ ಹೇಳುತ್ತಾರೆ.

ಇಂತಿ,
ಒಬ್ಬ ಓದುಗ